ಕಂಕಣ ಕಟ್ಟಿದ ಮುಚ್ಚಳ

…ತಿರುಗ್ಸು, ತಿರುಗ್ಸು. ತೋಳಲ್ಲಿ ಕಸುವಿರೋವರ್ಗೂ ತಿರುಗ್ಸು. ಏನು, ನಿಲ್ಲಿಸ್ಬುಟ್ಯಾ? ಅಷ್ಟಕ್ಕೇ ಉಸ್ಸಪ್ಪಾ ಅಂದ್ಬುಟ್ಯಾ? ಯಾಕ್ಲಾ ನನ್ನ ಮುಖ ನೋಡ್ತೀಯ, ನನ್ನ ಮುಖದಲ್ಲೇನು ಪೆಟ್ರೋಲ್ ಸುರೀತಾ ಐತಾ? ನಾನು ನಿನ್ನ ಅಕ್ಕ ಸಿದ್ದಗಂಗಮ್ಮ ಕಣ್ಲಾ, ಬೆಂಗಳೂರಿನ ಗ್ಯಾರೇಜಿನ ಮೇಸ್ತ್ರಿ ಅಲ್ಲ. ಕಾರಿನ ಮುಂದಿರೋ ಹ್ಯಾಂಡ್ಲು ಹಿಡಿ. ತಿರುಗ್ಸು.

ಗರ್ ಗರ್ ಗರ್… ಆಯ್ತು, ಅಷ್ಟೇ. ಮುದುಕ ಗಂಟಲು ಸರಿಮಾಡ್ಕೊಂಡಂಗೆ. ಇನ್ನೇನು ಮಾತಾಡ್ತಾನೆ ಅಂತ ಕಾಯ್ತಾ ಕೂತ್ರೆ ಮಾತೇ ಬರಲ್ಲ.

ಮೆತ್ತಗೆ ಅಂತ ಕೈ ಬೇರೆ ಮಾಡ್ತೀಯಾ? ಯಾಕೆ ಮೆತ್ತಗೆ? ಜಗಲಿ ಮ್ಯಾಲೆ ಬೀಗರ ತಮ್ಮ ಚಂದ್ರಶೇಖರಯ್ಯನೋರು ಕೂತವ್ರೆ, ಅವರ ಕಿವಿಗೆ ಬೀಳ್ತದೆ ಅಂತಾನಾ? ಬೀಳ್ಲಿ ಬುಡು. ಕಣ್ಣಿಗೆ ಬಿದ್ದಾಯ್ತಲ್ಲ. ಕಡಲೆಕಾಯಿ ಮಂಡಿ ಶಂಕರಲಿಂಗಪ್ಪನ ಕಾರು ಮನೆ ಮುಂದೆ ಗೂಟಕ್ಕೆ ಕಟ್ಟಿದ ಎಮ್ಮೆಯಂಗೆ ನಿಂತೈತೆ ಅಂತ ಕೊರಟಗೆರೆ ಪೇಟೆ ಪೇಟೆಯೇ ಬಂದು ನೋಡ್ಕೊಂಡು ಹೋಯ್ತು. ಪಾವಗಡದೋರೊಬ್ಬರಿಗೆ ಮುಚ್ಚಿಟ್ಟು ಯಾವ ಮಾನ ಉಳಿಸ್ಕೊಳ್ತೀಯ?

ಒಂದು ಮಾತು ಕೇಳ್ತೀನಿ, ನಿಜ ಹೇಳು. ಯಾವ ಶನಿ ಹೆಗಲೇರಿತ್ತು ಅಂತ ಇಂಜಿನ್ನಿಗೆ ಕೈ ಹಾಕ್ದೆ? ಹೊಗೆ ಉಗುಳ್ತೈತೆ, ದಿಬ್ಬ ಹತ್ತುವಾಗ ದಮ್ಮು ಕಟ್ತದೆ ಅಂದೆ. ಸರಿ, ತುಮಕೂರಿಗೆ ಕಳಿಸು, ಕಸುಬು ಬಲ್ಲೋರು ನೋಡ್ತಾರೆ ಅಂದೆ ನಾನು. ಊಹೂಂ. ‘ಬೆಂಗಳೂರಲ್ಲಿ ಗ್ಯಾರೇಜಿನೋನು ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದೀನಿ ಅಕ್ಕ, ನಾನೇ ಮಾಡ್ತೀನಿ.’ ನೋಡಿದ್ದಂತೆ. ನಾನೂ ದಿನಾ ಬಾವಿ ನೋಡ್ತೀನಿ, ಅಷ್ಟಕ್ಕೇ ನಂಗೆ ಬಾವಿ ತೋಡೋಕೆ ಬರ್ತದಾ?

ಆಷಾಢ ಪೂರ್ತಿ ನಮ್ಮ ಪಡಸಾಲೇಲಿ ಇಂಜಿನ್ನಿಂದೇ ಬಾಣಂತನ. ಬಿಚ್ಚಿದ್ದೇ ಬಿಚ್ಚಿದ್ದು, ಎಣ್ಣೆ ಹಚ್ಚಿದ್ದೇ ಹಚ್ಚಿದ್ದು, ಒರೆಸಿದ್ದೇ ಒರೆಸಿದ್ದು. ನನ್ನ ರಾಗಿ ಮೊರದಲ್ಲಿ ಬೋಲ್ಟು, ಒಬ್ಬಟ್ಟಿನ ತಟ್ಟೇಲಿ ನಟ್ಟು. ಸೀಮೆಎಣ್ಣೆ ವಾಸನೆ ಮಜ್ಜಿಗೆಗೂ ಇಳೀತು. ಲೋಟ ಬೋರಲು ಹಾಕ್ದಂಗಿರೋವು ಪಿಸ್ಟನ್ನಂತೆ, ನಾಯಿಕೊಡೆಯಂಗಿರೋವು ವಾಲ್ವಂತೆ. ‘ಅಕ್ಕ ಇದನ್ನ ಹಿಡ್ಕೊ, ಅಕ್ಕ ಅದನ್ನ ಕೊಡು’ ಅಂತ ನನ್ನನ್ನೂ ಪಕ್ಕಕ್ಕೆ ಕೂರಿಸ್ಕೊಂಡು… ಯಾವ್ದು ಎಲ್ಲಿ ಕೂರ್ತದೆ ಅಂತ ನಂಗೇ ಬಾಯಿಪಾಠ ಆಗೋಯ್ತು. ಅಂದ್ರೆ, ಆಗೋಗೋವಷ್ಟು ಕಾಟ ಕೊಟ್ಟೆ ಅಂತ. ಮಂಡಿಗೆ ಕಡಲೆಕಾಯಿ ಮೂಟೆ ಬಂದು ಬಿದ್ದಿದ್ರೆ ಯಜಮಾನ್ರು ಮೊಣಕೈವರ್ಗೂ ಮಸಿ ಬಳ್ಕೊಂಡು ಇಲ್ಲಿ ಕೂತವ್ರೆ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ. ನೀನು ಆ ಕೊಡೇನೂ ಬಿಚ್ಚಿ ರಿಪೇರಿ ಮಾಡೋನು.

ನಗ್ತೀಯಾ? ಯಾಕ್ಲಾ ನಗ್ತೀಯ? ನಗೋ ಹೊತ್ತಾ ಇದು? ಹೊತ್ತು ನೆತ್ತಿಗೆ ಬಂತು. ಇವತ್ತು ಗುರುವಾರ, ಊಟದ ಹೊತ್ತು ಕಳೀತಿದ್ದಂಗೆ ರಾಹುಕಾಲ ಹುಟ್ತದೆ. ನಾಳೆ ಶುಕ್ರವಾರ, ಹೆಣ್ಣುಮಗಳನ್ನ ಮನೆಯಿಂದ ಕಳಿಸೋ ಹಂಗಿಲ್ಲ. ಆಷಾಢಕ್ಕೆ ತೌರಿಗೆ ಬಂದೋಳು, ಶ್ರಾವಣ ಹುಟ್ಟಿದ ಮ್ಯಾಲೆ ಗಂಡನ ಮನೆ ಸೇರ್ಬೇಕು ಅಂತ ಕರೆಯೋಕೆ ಬಂದವ್ರೆ. ಬೆಳಿಗ್ಗೆ ತಿಂಡಿ ತಿಂದ ಕೈ ತೊಳೆಯೋಕೆ ಮುಂಚೆ, ಓಣಿ ಜನರ ಮುಂದೆ, ತೆಲುಗು ಬೆರೆಸ್ಕೊಂಡು ಏನಂದ್ರು ಆ ದೊಡ್ಡ ಮನುಷ್ಯರು, ಕೇಳಿಸ್ಕೊಂಡ್ಯಲ್ಲ? ‘ಚೂಡಮ್ಮಾ, ನಮ್ಮ ಸೊಸೆ ಕಾರಲ್ಲೇ ಬರ್ತಾಳೆ ಅಂತ ಪಾವಗಡಕ್ಕೆಲ್ಲ ಚೆಪ್ಪೇಸಿದೀವಿ. ಬಸ್ಸು ಗಿಸ್ಸು ಕುದರದು, ಎತ್ತಿನ ಗಾಡಿಯಂತೂ ವದ್ದೇ ವದ್ದು. ಇವತ್ತು ರಾಹುಕಾಲದೊಳಗೆ ಕಾರು ಹೊರಟ್ರೆ ಸರಿ. ಇಲ್ಲಾಂದ್ರೆ ನಿಮ್ಮ ಮಗಳು ನಿಮ್ಮ ಮನೇಲೇ ಇರ್ಲಿ, ಮಾಕೇಮೀ ನಷ್ಟಂ ಲೇದು.’ ಊರಿಗೆಲ್ಲ ಹೇಳವ್ರಂತೆ, ಬಸ್ಸು ಆಗಲ್ವಂತೆ, ಗಾಡಿ ಬೇಡ್ವಂತೆ, ತಮಗೇನೂ ನಷ್ಟ ಇಲ್ವಂತೆ. ಹೆಣ್ಣು ಕೊಟ್ಟೋನು ನೀನು, ಆ ಮಾತಿಗೆ ಏನಂದೆ? ‘ಆಗ್ಲಿ ಆಗ್ಲಿ, ಹೊರಟೇಬುಡ್ತದೆ’ ಅಂತ ಹಲ್ಲು ಕಿರಿದೆ.

ಅವರಿಗೆ ಬೇಕಾಗಿರೋದು ಸೊಸೆಯೋ ಕಾರೋ, ಅದನ್ನ ಮಾತ್ರ ನೀನು ಕೇಳಲಿಲ್ಲ.

ಹೋಗ್ಲಿ ಬುಡು. ಒಳಗೆ ಹೋಗಿ ನೋಡು ನಿನ್ನ ಮಗಳನ್ನ. ಬೆಳಿಗ್ಗೆನೇ ಮಡಿಲಕ್ಕಿ ತುಂಬಿದೀನಿ. ಹಂಗೇ ಸೆರಗು ಹಿಡ್ಕೊಂಡು ನಡುಮನೇಲಿ ಕೂತವ್ಳೆ ಜಗದಾಂಬ. ಗೋಡೆಗೆ ಒರಗಲ್ಲ. ಒರಗ್ಕೊ ಮಗಾ ಅಂದ್ರೆ ಬೇಡ ಅತ್ತೆ ಅಂತಾಳೆ. ತಾಯಿ ಸತ್ತ ಮ್ಯಾಲೆ ನನ್ನ ಸೊಂಟದ ಮ್ಯಾಲೆ ಬೆಳೆದ ಕೂಸು ಅದು, ನಿದ್ದೇಲಿ ಮಗ್ಗಲು ಬದಲಾಯಿಸಿದ್ರೂ ನಂಗೆ ಗೊತ್ತಾಗ್ತದೆ. ಬಂದಾಗಿಂದ ಬೋರಲು ಮಲಗ್ತಾಳೆ. ನೋಡಿದೀಯಾ? ನೀನೆಲ್ಲಿ ನೋಡ್ತೀಯ, ನೀನು ಕಾರಿನಡಿ ಮಲಗಿದ್ದೆ.

ಏನಿಲ್ಲ. ಏನೂ ಇಲ್ಲ ಅಂದ್ನಲ್ಲ. ಹುಡುಗೀರ ಅಭ್ಯಾಸ. ನೀನು ನಿನ್ನ ಕೆಲಸ ನೋಡು.

ಕೆಲಸವಂತೆ. ಬೆಳಗಿಂದ ಏನೇನು ಆಯ್ತು, ನಾನೇ ಹೇಳ್ಲಾ? ಮೊದ್ಲು ಪೆಟ್ರೋಲ್ ಬರ್ತಿಲ್ಲ ಅಂದೆ. ಪೈಪು ಬಾಯಿಗಿಟ್ಟು ಎಳೆದೆ, ಎಳನೀರು ಕುಡಿದಂಗೆ ಒಂದು ಗುಟುಕು ಕುಡಿದೂ ಬುಟ್ಟೆ. ಬಂತಲ್ಲ ಪೆಟ್ರೋಲು, ಇನ್ನೂ ನಿನ್ನ ಬಾಯಿಂದ ಗಮಗಮ ಅಂತೈತೆ. ಬೀಡಿ ಗೀಡಿ ಹಚ್ಚೀಯ, ಪೇಟೆ ಹೊತ್ಕೊಂಡೀತು. ಆಮೇಲೆ ಪ್ಲಗ್ಗು ಒದ್ದೆ ಆಗೈತೆ ಅಂದೆ. ನಾಲ್ಕೂ ಬಿಚ್ಕೊಂಡು ಬಂದು ನನ್ನ ಒಲೆ ಕೆಂಡದ ಮ್ಯಾಲೆ ಸುಟ್ಟೆ, ಪಕ್ಕದಲ್ಲಿ ಹಾಲು ಕಾಯ್ತಾ ಇತ್ತು. ಮಡಿ ಮೈಲಿಗೆ ಎಲ್ಲ ನಿನ್ನ ಪ್ಲಗ್ಗಿಗೇ ಬುಟ್ಕೊಟ್ಟೆ. ಬದನೆಕಾಯಿ ಸುಟ್ಟಿದ್ರೆ ಚಟ್ನಿಯಾದ್ರೂ ಆಗ್ತಿತ್ತು.

ಆಮೇಲೆ ಬ್ಯಾಟ್ರಿ. ಬ್ಯಾಟ್ರಿ ಸತ್ತಿರ್ಬೇಕು ಅಂತ ಆ ರಬ್ಬರು ಉಂಡೆ ಒತ್ತಿದೆ. ಪೋಂ ಅಂತು. ಅಲ್ಲಿಗೆ ಅದೂ ಬದುಕೈತೆ. ಇಡೀ ಕಾರಲ್ಲಿ ಕೆಲಸ ಮಾಡೋದು ಅದೊಂದೇ ನೋಡು, ಅದೂ ಯಜಮಾನನಂಗೆ, ಬರೀ ಬಾಯಿ.

ಏನು? ಅದು ಬ್ಯಾಟ್ರಿಯ ಹಾರನ್ನಲ್ಲ, ಗಾಳಿಯದಾ? ಯಾವ್ದಾದ್ರೆ ನಂಗೇನು. ದೀಪ ಹತ್ತಿಸಿ ನೋಡಿದ್ಯಲ್ಲ, ಅದೂ ಉರೀತು.

ಕೊನೆಗೆ ಚಿಕ್ಕಹನುಮಯ್ಯನ ಎತ್ತು. ಶಿವನೇ, ಅದೊಂದು ನೋಡಬಾರದಿತ್ತು. ನೊಗಕ್ಕೆ ಹಗ್ಗ, ಹಗ್ಗಕ್ಕೆ ಕಾರು, ಕಾರೊಳಗೆ ಕೋಟು ಹಾಕ್ಕೊಂಡು ನೀನು. ಆಂಜನೇಯನ ಗುಡೀವರ್ಗೂ ಎಳೆದ್ಕೊಂಡು ಹೋಗಿ ತಿರುಗಿಸ್ಕೊಂಡು ಬಂದ್ವು. ಓಣಿ ಜನ ಎಲ್ಲ ಹೊರಗೆ. ‘ಶಂಕರಲಿಂಗಪ್ಪನೋರೇ, ಕಾರಿಗೆ ಎಷ್ಟು ಹುರುಳಿ ಇಡ್ತೀರಿ?’ ಅಂತ ಯಾವೋನೋ ಕೇಳ್ದ, ನೀನು ಮುಂದೆ ನೋಡ್ಕೊಂಡು ಕೂತಿದ್ದೆ. ಆ ಎತ್ತುಗಳ ಮುಖದಲ್ಲೂ ಒಂಥರಾ ಅಸಹ್ಯ ಇತ್ತು ಕಣ್ಲಾ.

ಎತ್ತು ಒಳ್ಳೇವು ಅಂತೀಯಾ? ಹೌದು, ಎತ್ತು ಒಳ್ಳೇವು. ಎತ್ತು ಕೆಟ್ಟು ನಿಲ್ಲಲ್ಲ. ಅದೇ ಎತ್ತಿನ ಕೆಟ್ಟ ಗುಣ.

ಅರ್ಥ ಆಗ್ಲಿಲ್ವಾ? ನಿಂಗೆ ನೆನಪಿರಲ್ಲ, ಚೆಡ್ಡಿ ಕೂಡ ಹಾಕದ ವಯಸ್ಸು. ನಂಗೂ ಇಂಥದೇ ಒಂದು ಆಷಾಢ ಕಳೆದಿತ್ತು. ಗಂಡನ ಮನೆ ಹುಲಿಕುಂಟೆಗೆ ತಿರುಗಿ ಕಳಿಸ್ಬೇಕು. ಅಪ್ಪ ಗಾಡಿ ಹೂಡ್ಸಿ, ನೊಗಕ್ಕೆ ಕಂಕಣ ಕಟ್ಟಿ, ಮಡಿಲಕ್ಕಿ ತುಂಬಿಸಿ ಹತ್ತಿಸ್ಬುಟ್ರು. ಆ ಮನೇಲಿ ಏನಿತ್ತು ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ದಾರಿ ಉದ್ದಕ್ಕೂ ಶಿವನ್ನ ಬೇಡ್ಕೊಂಡೆ. ಒಂದು ಎತ್ತು ಮುಗ್ಗರಿಸ್ಲಿ, ಒಂದಾದ್ರೂ ಮಲಗಿ ಏಳದೆ ಇರ್ಲಿ ಅಂತ. ಸಿರಾ ದಾಟ್ತು. ಇನ್ನೇನು ಹುಲಿಕುಂಟೆ ಗುಡ್ಡ ಕಾಣ್ತು. ಮಲಗಲಿಲ್ಲ. ಒಳ್ಳೇ ಎತ್ತು, ಅಪ್ಪ ಸಾಕಿದ್ದವು.

ಯಾಕೆ ಹ್ಯಾಂಡ್ಲು ಕೆಳಗಿಟ್ಟೆ? ಮುದುಕೀದು ಏನೋ ಹಳೇ ಕತೆ. ಗಂಡನೂ ಸತ್ತ, ಆ ಮನೇನೂ ಬಿತ್ತು, ನಾನು ಇಲ್ಲಿಗೆ ಬಂದು ನಿಮ್ಮನ್ನೆಲ್ಲ ಸಾಕಿ ಆಯ್ತು. ಅಂಗೆ ನೋಡಬೇಡ. ತಿರುಗ್ಸು ಅಂದೆ.

ಇಲ್ಲ? ಮತ್ತೇನು ಮಾಡ್ತಿದೀಯ? ಮತ್ತೆ ಆ ತಂತೀನೇ ಕಿತ್ಯಾ? ಅದನ್ನ ಆಗಲೇ ನೋಡಾಯ್ತಲ್ಲೋ. ಚಿಕ್ಕಹನುಮಯ್ಯ ಹ್ಯಾಂಡ್ಲು ತಿರುಗಿಸ್ದ, ನೀನು ಪ್ಲಗ್ಗಿನ ತಂತಿಗಳು ಹೊರಡೋ ಆ ಡಬ್ಬಿ ಮುಚ್ಚಳದ ನಡುವಿನ ತಂತಿ ಕಿತ್ತು ಇಂಜಿನ್ನಿನ ಮೈ ಹತ್ರ ಹಿಡಿದೆ, ಚಟ್ ಅಂತ ನೀಲಿ ಕಿಡಿ ಬಂತು. ಪ್ಲಗ್ಗಿನ ತಂತಿ ಹಿಡಿದೆ, ಕಿಡಿ ಇಲ್ಲ. ಅಷ್ಟೇ. ಬಂದಿದ್ದು ಬಂತು, ಬರದೇ ಇದ್ದದ್ದು ಬರಲಿಲ್ಲ. ಇದರಲ್ಲಿ ಯೋಚನೆ ಮಾಡೋಕೆ ಏನೈತೆ?

ಮುಚ್ಚಳಕ್ಕೆ ಬರೋವರ್ಗೂ ಕಿಡಿ ಐತೆ, ಮುಚ್ಚಳ ದಾಟಿದ ಮ್ಯಾಲೆ ಇಲ್ಲ, ಅಂಗಾದ್ರೆ… ಅಂಗಾದ್ರೆ ಏನು? ನನ್ನ ಕೇಳಿದ್ರೆ ನಂಗೇನು ಗೊತ್ತು? ಒಲೆ ಕೆಟ್ಟರೆ ಊದೋದು ಗೊತ್ತು ನಂಗೆ.

ಲೇ ಲೇ, ಕೈ ತೆಗಿ. ಮುಚ್ಚಳದ ಮ್ಯಾಲಿಂದ ಕೈ ತೆಗಿ ಅಂದೆ. ಕಂಕಣ ಕಟ್ಟೈತೆ, ಕಣ್ಣು ಕಾಣಲ್ವಾ? ಬೆಳಿಗ್ಗೆ ನೀನು ಮೈ ತೊಳ್ಕೊಳ್ಳೋಕೆ ಹೋಗಿದ್ದಾಗ ವಿಭೂತಿ ಹಚ್ಚಿ, ಹೂ ಏರಿಸಿ, ನಾನೇ ನನ್ನ ಕೈಯಾರೆ ಅರಿಶಿನದ ದಾರ ಸುತ್ತಿ ಕಟ್ಟಿದೀನಿ. ಪ್ರಯಾಣ ಮುಗಿದು ಮನೆ ಸೇರೋವರ್ಗೂ ಕಂಕಣ ಬಿಚ್ಚಬಾರದು. ನಮ್ಮಪ್ಪನ ಕಾಲದಿಂದ ಈ ಮನೇಲಿ ಯಾವೋನೂ ಬಿಚ್ಚಿಲ್ಲ. ಬೆಳಗಿಂದ ನೀನೂ ಅದಕ್ಕೇ ತಾನೇ ಮುಟ್ಟದೆ ಇದ್ದದ್ದು? ಅಷ್ಟು ಬುದ್ಧಿ ಇತ್ತಲ್ಲ. ಅದನ್ನೂ ಪೆಟ್ರೋಲ್ ಜೊತೆ ಕುಡಿದ್ಬುಟ್ಯಾ?

ಯಾಕೆ ಅದಕ್ಕೇ ಕಟ್ಟಿದೆ ಅಂದ್ರೆ? ಎಲ್ಲಾದ್ರೂ ಕಟ್ಟಬೇಕಲ್ಲ. ಚಕ್ರಕ್ಕೆ ಕಟ್ಟಿದ್ರೆ ಧೂಳು, ಮುಂದೆ ಕಟ್ಟಿದ್ರೆ ಗಾಳಿ. ಇದು ಮ್ಯಾಲೆ ಬಾಲ ಬಾಲ ಎದ್ದು ಜಡೆ ಬುಟ್ಕೊಂಡಿರೋ ಸಾಮಿಯಂಗೆ ಕಾಣ್ತು, ಇದಕ್ಕೇ ಕಟ್ಟಿದೆ.

ಹೌದು, ಕಾರಿಗೆ ನಾನು ಯಾವತ್ತೂ ಪೂಜೆ ಮಾಡ್ದೋಳಲ್ಲ. ಆಯುಧಪೂಜೇಲೂ ಮಾಡಿಲ್ಲ, ಈ ಹೊಗೆಗೂಡಿಗೆ ನಾನು ಮಂಗಳಾರತಿ ಎತ್ತಲ್ಲ ಅಂದಿದ್ದೆ. ಇವತ್ತು ಮಗು ಹೋಗೋ ಗಾಡಿ ಅಂತ ಮಾಡಿದೆ. ಅದಕ್ಕೂ ಲೆಕ್ಕ ಕೊಡಬೇಕಾ ನಿಂಗೆ?

ಇರು, ಜಗಲಿ ಕಡೆಯಿಂದ ಏನೋ ಕೇಳ್ತಾವ್ರೆ… ಎಲೆ ಅಡಿಕೆನಾ ಬೀಗರೇ? ಮನೇಲಿ ಮುಗಿದೋಗೈತೆ ಕಣ್ರೀ. ಪಕ್ಕದ ಮನೆ ಓಬಳಮ್ಮಂಗೆ ಹೇಳಿದೀನಿ, ಈಗ ತರ್ತಾಳೆ. ಕೂತಿರಿ, ಕೂತಿರಿ.

ಗುಟ್ಟಾಗಿ ಹೇಳ್ತೀನಿ ಕೇಳು, ಬೆಳಗಿಂದ ಮೂರು ಸಲ ತಿಂಡಿ ಕೇಳ್ದ ಆ ಮನುಷ್ಯ. ಸೊಸೆ ಉಂಡ್ಳಾ ಅಂತ ಒಂದು ಸಲ ಕೇಳಲಿಲ್ಲ. ಕಾರಿನ ಸೀಟು ಮಾತ್ರ ಕೈಯಲ್ಲಿ ಒತ್ತಿ ಒತ್ತಿ ನೋಡ್ದ, ಸಂತೇಲಿ ಕುರಿ ಬೆನ್ನು ಒತ್ತಿ ನೋಡ್ತಾರಲ್ಲ, ಅಂಗೆ.

ಏನ್ಲಾ? ಯಾಕೆ ನನ್ನ ಸೊಂಟ ನೋಡ್ತೀಯ?

ಇದಾ? ಸಂಚಿ. ನನ್ನ ಎಲೆ ಅಡಿಕೆ ಸಂಚಿ. ಹುಟ್ಟಿದಾಗಿಂದ ನೋಡಿಲ್ವಾ ನೀನು ಇದನ್ನ? ಖಾಲಿ. ಮುಗಿದೋಯ್ತು ಅಂತ ಈಗ ತಾನೇ ಹೇಳಿದ್ನಲ್ಲ. ಖಾಲಿ ಆದ್ರೂ ಉಬ್ಬಿರ್ತದೆ, ಹಳೇ ಸಂಚಿ, ಅದರ ಹೊಟ್ಟೇನೇ ಅಂಗೆ. ಹೌದಪ್ಪ, ಬೆಳಗಿಂದ ನಾನು ಎಲೆ ಹಾಕಿಲ್ಲ. ಬಾಯಿ ಒಣಗಿ ಹೋಗೈತೆ. ನನ್ನ ಬಾಯಿ, ನನ್ನಿಷ್ಟ. ಕಂಕಣಕ್ಕೆ ಸುತ್ತಿದ ವೀಳ್ಯದೆಲೆ ಎಲ್ಲಿಂದ ಬಂತು ಅಂತಾನಾ? ಅದು… ಅದೇ ಕೊನೇ ಎಲೆ.

ಬಯ್ಯೋದಾದ್ರೆ ಬಯ್ಯಿ.

ಬೇಡ. ಶಂಕ್ರ, ಬೇಡ, ಆ ದಾರ ಎಳೀಬೇಡ. ಅಪಶಕುನ ಕಣೋ. ನಿನ್ನ ಮಗಳು ಹೊರಡೋ ದಿನ… ಬಿಚ್ಚೇಬುಟ್ಯಾ. ಅಪ್ಪನ ಕಾಲದಿಂದ ಯಾರೂ… ಸರಿ. ಎತ್ತು ಮುಚ್ಚಳ. ನೋಡು. ಕಣ್ತುಂಬ ನೋಡು.

ಏನೈತೆ ಒಳಗೆ?

ಏನೂ ಇಲ್ವಾ? ಏನೂ ಇಲ್ಲ ಅಂದ್ರೆ ಹೆಂಗೆ? ಆ ಕರೀದು, ಮ್ಯಾಲೆ ಹಿತ್ತಾಳೆ ಪಟ್ಟಿ ಇರೋದು, ನಡುವೆ ನಿಂತ್ಕೊಂಡು ಸುತ್ತೋದು, ಅದು ಇರ್ಬೇಕಲ್ಲ ಅಲ್ಲಿ… ನಾನ್ಯಾಕೆ ಹೇಳ್ದೆ ಅದನ್ನ. ನೀನೇ ತೋರಿಸಿದ್ದಲ್ವಾ ಅವತ್ತು, ‘ಇದಿಲ್ದಿದ್ರೆ ಕಿಡಿ ಹಂಚೋರೇ ಇಲ್ಲ ಅಕ್ಕ, ಕಾರು ಕಲ್ಲು’ ಅಂತ. ಬಿದ್ದೋಗಿರ್ಬೇಕು. ಎತ್ತು ಎಳೆಯುವಾಗ ಕುಲುಕಿ ಬಿದ್ದಿರ್ಬೇಕು. ಇಲಿ ಹೊತ್ಕೊಂಡು ಹೋಗಿರ್ಬೇಕು. ನೀನೇ ಹಾಕೋದು ಮರೆತಿರ್ಬೇಕು, ನಿನ್ನ ತಲೆಗೆ ಮರೆಯೋದು ಏನು ಹೊಸದಾ…

ಶಂಕ್ರ.

ಕೈ ಚಾಚ್ತೀಯಾ? ಬೇಡೋನಂಗೆ ಅಂಗೈ ಬಿಚ್ಕೊಂಡು ನಿಂತ್ಯಾ? ಈ ಕಡೆ ಬಾ. ಜಗಲಿಗೆ ಬೆನ್ನು ಮಾಡಿ ನಿಂತ್ಕೊ. ತಗೋ. ಸಂಚಿ ಸುಣ್ಣ ಹತ್ತೈತೆ, ಒರೆಸ್ಕೊ.

ಕೇಳು ಈಗ. ನೀನು ಕಟ್ಟಿದ ಇಂಜಿನ್ನು ಸರಿಯಾಗೇ ಐತೆ. ಒಂದು ನಟ್ಟೂ ತಪ್ಪಿಲ್ಲ. ನಂಗೆ ಗೊತ್ತು, ಪಕ್ಕದಲ್ಲಿ ಕೂತು ನೋಡಿದೀನಿ. ಇದನ್ನ ಅಲ್ಲಿ ಕೂರಿಸಿ ಒಂದು ಸಲ ತಿರುಗಿಸಿದ್ರೆ ಸಾಕು, ಹೊರಡ್ತದೆ. ಹೊರಟ್ರೆ ಸಂಜೆಗೆ ಪಾವಗಡ.

ಯಾಕೆ ಅಂತ ಕೇಳಬೇಡ. ನಾನು ಹೇಳೋ ಹಂಗಿಲ್ಲ. ಅವಳಿಗೆ ಎಣ್ಣೆ ನೀರು ಹಾಕೋಕೆ ಹೋದಾಗ, ಬಚ್ಚಲಲ್ಲಿ, ನನ್ನ ಕೈ ಹಿಡ್ಕೊಂಡು ಭಾಷೆ ತಗೊಂಡ್ಬುಟ್ಳು. ಅಪ್ಪಂಗೆ ಹೇಳಬಾರದು, ಅಪ್ಪ ತಡ್ಕೊಳ್ಳಲ್ಲ ಅಂತ. ಇಷ್ಟಲಿಂಗ ಮುಟ್ಟಿ ಭಾಷೆ ಕೊಟ್ಟಿದೀನಿ. ಅದನ್ನ ಮುರಿಯೋಕಾಗಲ್ಲ. ಇಂಜಿನ್ನಿಗೆ ಕೈ ಹಾಕಲ್ಲ ಅಂತ ಯಾರಿಗೂ ಭಾಷೆ ಕೊಟ್ಟಿರಲಿಲ್ಲ.

ನಿನ್ನ ಮಗಳ ವಿಚಾರ ನಾನು ಒಂದು ಮಾತೂ ಆಡಲ್ಲ. ಸೌಟಿನ ವಿಚಾರ ಬೇಕಾದ್ರೆ ಹೇಳ್ತೀನಿ. ಕಬ್ಬಿಣದ ಸೌಟು ಒಲೇಲಿ ಕಾಯಿಸಿ ಮೈಗಿಟ್ರೆ ಹುಣಸೆಬೀಜದ ಬಣ್ಣದ ಕಲೆ ಕೂರ್ತದೆ. ಬೆನ್ನ ಮ್ಯಾಲಿಟ್ರೆ ಮನುಷ್ಯರು ಗೋಡೆಗೆ ಒರಗಲ್ಲ. ಬೋರಲು ಮಲಗ್ತಾರೆ. ಒಂದು ಆರಿದ ಮ್ಯಾಲೆ ಇನ್ನೊಂದು ಇಟ್ಟಿರೋದು ಕಲೆ ನೋಡಿದ್ರೇ ತಿಳೀತದೆ. ಅಷ್ಟೇ. ಸೌಟಿನ ವಿಚಾರ ಹೇಳ್ದೆ.

ಜಗಲಿ ಕಡೆ ನೋಡಬೇಡ. ಹ್ಯಾಂಡ್ಲು ಕೆಳಗಿಡು. ಕೆಳಗಿಡು ಅಂದೆ. ಅವನ ತಲೆ ಒಡೆದ್ರೆ ನೀನು ಜೈಲಿಗೆ ಹೋಗ್ತೀಯ, ಅವಳನ್ನ ಯಾರು ನೋಡ್ಕೊಳ್ಳೋದು? ಅವನೇ ಬಾಯಾರೆ ಹೇಳವ್ನೆ, ಕಾರು ಹೊರಡದಿದ್ರೆ ನಿಮ್ಮ ಮಗಳು ನಿಮ್ಮ ಮನೇಲೇ ಇರ್ಲಿ ಅಂತ. ಓಣಿ ಜನರ ಮುಂದೆ ಹೇಳವ್ನೆ. ನಾಳೆ ಯಾರೂ ನಿನ್ನ ಮಗಳು ಬುಟ್ಟು ಬಂದ್ಳು ಅನ್ನಲ್ಲ, ಅವರೇ ಬೇಡ ಅಂದ್ರು ಅಂತಾರೆ. ಇದಕ್ಕಿಂತ ಒಳ್ಳೇ ಮಾತು ನಾವು ಬೇಡ್ಕೊಂಡ್ರೂ ಸಿಗ್ತಿರಲಿಲ್ಲ.

ಈ ಕಾರನ್ನ ನಾನು ಎಷ್ಟು ಬಯ್ದಿದೀನಿ. ತಪ್ಪು ಕಣೋ. ಎತ್ತಿಗಿಂತ ಕಾರೇ ವಾಸಿ. ನಿಲ್ಲು ಅಂದ್ರೆ ನಿಂತ್ಬುಡ್ತದೆ.

ಆದ್ರೆ ಅದು ನಿನ್ನ ಕೈಲೈತೆ ಈಗ. ನಾನು ಕಿತ್ಕೊಳ್ಳಲ್ಲ. ಇಡೀ ಪೇಟೆ ನಿನ್ನ ನೋಡಿ ನಗ್ತಾ ಐತೆ, ಅದು ನಂಗೂ ಗೊತ್ತು. ಒಂದು ಸಲ ಗುರ್ ಅಂದ್ರೆ ಎಲ್ಲರ ಬಾಯಿ ಮುಚ್ಚಿಹೋಗ್ತದೆ. ಆಷಾಢವೆಲ್ಲ ಊಟ ನಿದ್ದೆ ಬುಟ್ಟು ಕಟ್ಟಿದೀಯ. ಹಾಕೋದಾದ್ರೆ ಹಾಕು. ನೀನು ಅವಳ ಅಪ್ಪ.

ಏನು ಮಾಡ್ತಿದೀಯ?

ಮುಚ್ಚಳ ಯಾಕೆ ಮುಚ್ಚಿದೆ? ಅದನ್ನ ಒಳಗೆ ಇಡಲೇ ಇಲ್ಲ. ನಿನ್ನ ಕೋಟಿನ ಜೇಬಿಗೆ… ಶಂಕ್ರ? ಆ ದಾರ ಯಾಕೆ ತಿರುಗಿ ಸುತ್ತುತೀಯ? ನಿಧಾನ, ಹರಿದೀತು. ಎಲೆ ಬಾಡೈತೆ, ಇರ್ಲಿ. ಕೊಡು ಇಲ್ಲಿ, ಗಂಟು ನಾನು ಹಾಕ್ತೀನಿ.

ಕಣ್ಣು ಒರೆಸ್ಕೊಬೇಡ, ಮಸಿ ಕೈ. ಬಾ, ನನ್ನ ಸೆರಗಿಗೆ ಒರೆಸು.

ನೀನು ಏನೂ ಕೇಳಲಿಲ್ಲ. ನಾನು ಏನೂ ಹೇಳಲಿಲ್ಲ. ನನ್ನ ಭಾಷೆ ನನ್ನ ಹತ್ರ ಐತೆ.

ಎಲ್ಲಿಗೆ ಹೊರಟೆ? ಒಳಗಲ್ವಾ? ಹ್ಯಾಂಡ್ಲು ಯಾಕೆ ಎತ್ಕೊಂಡೆ ಮತ್ತೆ, ಅವನ ಕಡೆ ಹೋಗಬೇಡ ಅಂದ್ನಲ್ಲ… ಓ.

ಓ. ತಿರುಗಿ ಕಾರಿಗೇ ಹಾಕಿದ್ಯಾ, ಸರಿ ಕಣಪ್ಪ. ಸರಿ.

ಏನು ಬೀಗರೇ, ಇನ್ನೂ ಎಷ್ಟು ಹೊತ್ತು ಅಂತೀರಾ? ನನ್ನ ಏನು ಕೇಳ್ತೀರಿ, ಇಲ್ಲಿ ನಿಂತವ್ನಲ್ಲ ದೊಡ್ಡ ಮೇಸ್ತ್ರಿ, ಇವನ್ನ ಕೇಳಿ. ರಾಹುಕಾಲ ಹುಟ್ಟೋವರ್ಗೂ ಬುಡಲ್ಲ ಅವನು, ತಿರುಗಿಸ್ತಾನೇ ಇರ್ತಾನೆ. ಹೊರಟ್ರೆ ನಿಮ್ಮ ಪುಣ್ಯ, ಹೊರಡದಿದ್ರೆ ನಿಮ್ಮ ಮಾತಿನಂಗೇ ಆಗ್ಲಿ. ಇಂಥ ಕೈಲಾಗದೋನು ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ ಕಣ್ರೀ. ಓಬಳಮ್ಮಾ, ಬಾರೇ, ನೀನೂ ನೋಡು ಬಾ. ಎಲ್ಲಾರೂ ಬಂದು ನೋಡ್ರಪ್ಪ, ಇಂಜಿನ್ನು ಕಟ್ಟೋಕೆ ಬಾರದೋನು ಕಾರು ಇಟ್ಕೊಂಡ್ರೆ ಹೆಂಗಿರ್ತದೆ ಅಂತ.

ನೋಡ್ತಾ ಇರ್ಲಿ ಅವರು. ಬಗ್ಗು. ಗಟ್ಟಿಯಾಗಿ ಹಿಡಿ. ತಿರುಗ್ಸು ಕಣಪ್ಪ, ತಿರುಗ್ಸು.